ಹೊತ್ತುಗೊತ್ತಿಲ್ಲದ ಕಸುಬು

ಕವಿಯ ಮನೆ ಹೇಗಿರಬೇಕೆಂದು ರಾಜಶೇಖರ ಒಂದು ನಕ್ಷೆಯನ್ನೇ ಹಾಕಿಕೊಟ್ಟಿದ್ದಾನೆ. ಕ್ರಿ.ಶ. 900ರ ಆಸುಪಾಸಿನಲ್ಲಿ ಕನೌಜಿನ ಪ್ರತಿಹಾರ ಅರಸರ ಆಸ್ಥಾನದಲ್ಲಿದ್ದ ಈ ಪಂಡಿತನ ‘ಕಾವ್ಯಮೀಮಾಂಸೆ’ಯ ಪ್ರಕಾರ ಕವಿಯ ಮನೆ ಗುಡಿಸಿ ಸಾರಿಸಿ ಚೊಕ್ಕಟವಾಗಿರಬೇಕು. ಆರು ಋತುಗಳಿಗೆ ಒಪ್ಪುವಂಥ ಬೇರೆ ಬೇರೆ ಜಾಗಗಳಿರಬೇಕು. ತೋಟ ಬೇಕು, ಅದರೊಳಗೆ ಆಟದ ಗುಡ್ಡ ಬೇಕು, ತಾವರೆಗೊಳ ಬೇಕು, ಬಿಸಿಲ ಝಳಕ್ಕೆ ನೀರು ಚಿಮ್ಮುವ ಧಾರಾಗೃಹ ಬೇಕು, ಬಳ್ಳಿಮಾಡ ಬೇಕು, ಉಯ್ಯಾಲೆಯೂ ಬೇಕು. ನವಿಲು, ಜಿಂಕೆ, ಹಂಸ, ಗಿಣಿಗಳು ಅಡ್ಡಾಡಿಕೊಂಡಿರಬೇಕು. ಮನೆಯ ಆಳುಗಳು ಅಪಭ್ರಂಶದಲ್ಲಿ, ದಾಸಿಯರು ಮಾಗಧಿಯಲ್ಲಿ ಮಾತಾಡಬೇಕು. ಅಂತಃಪುರದವರಿಗೆ ಪ್ರಾಕೃತ, ಸಂಸ್ಕೃತ ಎರಡೂ ಬರಬೇಕು. ಇಷ್ಟೆಲ್ಲ ಒದಗಿದ ಮೇಲೆ ಕವಿ ಬರೆಯಲು ಕೂರುತ್ತಾನೆ.

ಕನ್ನಡದ ಕವಿಗಳ ಮನೆಗಳನ್ನು ಈ ನಕ್ಷೆಗೆ ಹೋಲಿಸಿದರೆ ನಗು ಬರುತ್ತದೆ. ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂದಾಗ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯ ಗುಮಾಸ್ತರು. ನಾಡಿನ ನವದಂಪತಿಗಳಿಗೆಲ್ಲ ಮಾತು ಕಲಿಸಿದ ಮನುಷ್ಯ ಹಗಲೆಲ್ಲ ಬಗ್ಗಿ ನೋಡುತ್ತಿದ್ದದ್ದು ಕಡತಗಳನ್ನು. ಪು.ತಿ. ನರಸಿಂಹಾಚಾರ್ ಮೈಸೂರು ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ನೌಕರಿ ಮಾಡುತ್ತಲೇ ಗೋಕುಲದ ಕೊಳಲು ಕೇಳಿಸಿಕೊಂಡರು. ನಿಸಾರ್ ಅಹಮದ್ ವಿದ್ಯಾರ್ಥಿಗಳಿಗೆ ಭೂವಿಜ್ಞಾನ ಪಾಠ ಹೇಳುತ್ತಿದ್ದವರು. ಕುವೆಂಪು, ಅಡಿಗ, ರಾಜರತ್ನಂ ಎಲ್ಲರೂ ಹಾಜರಿ ಪುಸ್ತಕ ಹಿಡಿದು ತರಗತಿಗೆ ನಡೆದ ಮೇಷ್ಟ್ರುಗಳು. ಇವರಲ್ಲಿ ನವಿಲು ಸಾಕಿದವರು ಯಾರೂ ಇಲ್ಲ.

ರಾಜಶೇಖರನಿಗೂ ಲೋಕ ಗೊತ್ತಿಲ್ಲದೆ ಏನಿಲ್ಲ. ಉಯ್ಯಾಲೆ, ಕಾರಂಜಿಗಳ ಪಟ್ಟಿ ಮುಗಿಸಿದವನೇ ಕವಿಗಳನ್ನು ಅವರ ಹೊತ್ತಿನ ಮೇಲೆ ನಾಲ್ಕು ಬಗೆ ಮಾಡುತ್ತಾನೆ. ಒಳಕೋಣೆಯನ್ನೋ ಗುಹೆಯನ್ನೋ ಹೊಕ್ಕು ಸೂರ್ಯನ ಮುಖವನ್ನೇ ನೋಡದೆ ಸದಾ ಬರೆಯುವವನು ಅಸೂರ್ಯಂಪಶ್ಯ. ಅಷ್ಟೊಂದು ಹಟ ಹಿಡಿಯದೆ, ಮನಸ್ಸು ನೆಟ್ಟಾಗ ಕೂತು ಬರೆಯುವವನು ನಿಷಣ್ಣ. ಸೇವೆ ಚಾಕರಿಗಳ ನಡುವೆ ಉಳಿದ ಹೊತ್ತಿನಲ್ಲಿ ಬರೆಯುವವನು ದತ್ತಾವಸರ. ಸಂದರ್ಭ ಬಂದಾಗ ಅದಕ್ಕೆಂದೇ ಬರೆಯುವವನು ಪ್ರಾಯೋಜನಿಕ. ಕನ್ನಡ ಕಾವ್ಯದ ಬಹುಪಾಲು ಮೂರನೆಯ ಮತ್ತು ನಾಲ್ಕನೆಯ ಸಾಲಿನವರದು. ಕವಿಗೆ ಬಿಡುವು ಬೇಕೆಂಬುದು ಎಲ್ಲರೂ ಒಪ್ಪಿಕೊಂಡ ಮಾತು. ಆದರೆ ಕವಿತೆ ಹುಟ್ಟಿದ ಜಾಗಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಬಿಡುವಿಗಿಂತ ಹೆಚ್ಚಾಗಿ ಅಲ್ಲಿ ಕಾಣುವುದು ಕೈಗೋ ಕಾಲಿಗೋ ಕಿವಿಗೋ ಬಿದ್ದ ಒಂದು ಕಟ್ಟು.

ಬೀಸುವ ಕಲ್ಲಿನಿಂದಲೇ ಶುರುಮಾಡಬಹುದು. ಈಗಿನ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಮಾಡಿಸಿದರು. ಆ ಹಾಡುಗಳು ನಸುಕಿನ ಕತ್ತಲಲ್ಲಿ ಜೋಳ ಬೀಸುವಾಗ ಹುಟ್ಟಿದವು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುತ್ತಾರೆ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಲ್ಲಿನ ಬಾಯಿಗೆ ಹಿಡಿ ಹಿಡಿ ಕಾಳು ಹಾಕುತ್ತಿರುತ್ತದೆ. ಒಬ್ಬಳು ಸಾಲು ಹೇಳುತ್ತಾಳೆ, ಇನ್ನೊಬ್ಬಳು ಅದನ್ನೇ ತಿರುಗಿ ಹೇಳುತ್ತಾಳೆ. ಜೊತೆಯವಳು ತಿರುಗಿ ಹೇಳುವಷ್ಟು ಹೊತ್ತೇ ಮೊದಲಿನವಳಿಗೆ ಸಿಕ್ಕ ಸಮಯ. ಕಲ್ಲು ಎರಡು ಸುತ್ತು ಬರುವುದರೊಳಗೆ ಮುಂದಿನ ಸಾಲು ನಾಲಿಗೆಯ ಮೇಲೆ ಇರಬೇಕು, ಇಲ್ಲದಿದ್ದರೆ ಹಾಡು ಕಡಿದುಹೋಗುತ್ತದೆ.

ಆ ಸಾಲು ಹೇಗೆಂದರೆ ಹಾಗೆ ಇರುವಂತೆಯೂ ಇಲ್ಲ. ತ್ರಿಪದಿಗೆ ಮೂರು ಸಾಲು, ಒಟ್ಟು ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಗಿಡ್ಡನೆಯ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬೀಸುವವರಿಗೆ ಬ್ರಹ್ಮನೂ ವಿಷ್ಣುವೂ ಗೊತ್ತು, ಗಣದ ಗೊಡವೆ ಇಲ್ಲ. ಆದರೂ ಆರನೆಯ ಜಾಗಕ್ಕೆ ಬಂದಾಗ ಮಾತು ತಾನಾಗಿ ಚುಟುಕಾಗುತ್ತದೆ. ಓದುಬರಹದ ನೆರವಿಲ್ಲದೆ ಕಾವ್ಯ ಪ್ರಯೋಗ ಬಲ್ಲ ಜನ ಎಂದು ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲೇ ಕನ್ನಡಿಗರನ್ನು ಹೊಗಳಿತಲ್ಲ, ಆ ಹೊಗಳಿಕೆಗೆ ಆಧಾರ ಬೇಕಾದವರು ಹೋಗಬೇಕಾದದ್ದು ಇಂಥ ಅಡುಗೆಮನೆಗಳಿಗೆ. ತವರಿನ ನೆನಪು, ಕೂಸಿನ ಚಂದ, ಅತ್ತೆಯ ಕಾಟ, ಅಣ್ಣನ ದಾರಿ ಕಾಯುವುದು, ಇವಿಷ್ಟನ್ನೂ ಹನ್ನೊಂದು ಗಣದೊಳಗೆ ಹಿಡಿಸಿದವರ ಹೆಸರು ಯಾವ ಪುಸ್ತಕದ ಬೆನ್ನ ಮೇಲೂ ಇಲ್ಲ.

ಕರಾವಳಿಯಲ್ಲಿ ಇದೇ ಕೆಲಸ ಕೆಸರುಗದ್ದೆಯಲ್ಲಿ ನಡೆಯುತ್ತದೆ. ನೇಜಿ ನೆಡುವ ಸಾಲಿನಲ್ಲಿ ಮುಂದಾಳು ಪಾಡ್ದನವೆಂಬ ಕಥನಗೀತೆ ಎತ್ತಿದರೆ ಉಳಿದವರು ಪಲ್ಲವಿ ಹಿಡಿಯುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು ತುಳುವಿನ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ತಂಡಕ್ಕೆ ಹೇಳಿ ಬರೆಸಿದರು. ಅದು 1998ರಲ್ಲಿ ಅಚ್ಚಾದಾಗ ಲೆಕ್ಕ ಸಿಕ್ಕದ್ದು 15,683 ಸಾಲು. ಇಷ್ಟು ಸಾಲನ್ನು ಗಿಣಿಪಾಠ ಮಾಡಿ ಒಪ್ಪಿಸುವುದಲ್ಲ ಇಲ್ಲಿನ ಕೆಲಸ. ಹಾಡುಗಾರನ ಬಳಿ ಇರುವುದು ಕಥೆಯ ನಡೆ, ಮತ್ತೆ ಮತ್ತೆ ಬರುವ ಸನ್ನಿವೇಶಗಳು, ತೊಟ್ಟಿಲು ಕಟ್ಟುವುದಕ್ಕೊಂದು, ದಿಬ್ಬಣ ಹೊರಡುವುದಕ್ಕೊಂದು ಎಂಬಂತೆ ಸಿದ್ಧವಾಗಿರುವ ಸಾಲುಗಳ ಗುಂಪು. ಕೇಳುವವರಿಗೆ ಪುರುಸೊತ್ತಿದ್ದರೆ ಕಥೆ ಬೆಳೆಯುತ್ತದೆ, ಇಲ್ಲದಿದ್ದರೆ ಕುಗ್ಗುತ್ತದೆ. ಪ್ರತಿ ಸಲವೂ ಅದು ಹೊಸದಾಗಿ ಕಟ್ಟಿದ್ದೇ.

ಇಂಗ್ಲಿಷ್ ಕವಿ ಕೋಲ್‌ರಿಜ್ ಅಡ್ಡಿಗಳ ನಡುವೆ ಕವಿತೆ ಕಟ್ಟುವ ವಿಷಯದಲ್ಲಿ ಅದೃಷ್ಟಹೀನ. 1797ರಲ್ಲಿ ಹಳ್ಳಿಯ ಒಂದು ತೋಟದ ಮನೆಯಲ್ಲಿ ಮಲಗಿದ್ದಾಗ ಇನ್ನೂರು ಮುನ್ನೂರು ಸಾಲಿನ ಕವಿತೆ ಕನಸಿನಲ್ಲೇ ಬಂತಂತೆ. ಎದ್ದು ಬರೆಯತೊಡಗಿದ್ದಾನೆ, ಅಷ್ಟರಲ್ಲಿ ಪಕ್ಕದ ಪೋರ್ಲಾಕ್ ಊರಿನಿಂದ ಯಾರೋ ಕೆಲಸದ ಮೇಲೆ ಬಂದು ಒಂದು ಗಂಟೆಗೂ ಹೆಚ್ಚು ಹೊತ್ತು ಕೂತುಬಿಟ್ಟರು. ಅವರು ಹೋಗುವಷ್ಟರಲ್ಲಿ ಕನಸು ಆರಿಹೋಗಿತ್ತು. ‘ಕುಬ್ಲಾ ಖಾನ್’ 54 ಸಾಲಿಗೆ ನಿಂತಿತು. 1816ರಲ್ಲಿ ಅದನ್ನು ಅಚ್ಚು ಮಾಡಿಸುವಾಗ ಕವಿ ಈ ದೂರನ್ನೂ ಸೇರಿಸಿ ಕೊಟ್ಟ. ಹಲಸಂಗಿಯ ಹೆಣ್ಣುಮಕ್ಕಳಿಗೆ ಈ ಕಥೆ ಹೇಳಿದ್ದರೆ ಅವರು ಕಲ್ಲು ನಿಲ್ಲಿಸದೆಯೇ ನಕ್ಕಿರುತ್ತಿದ್ದರು. ಕೂಸು ಅತ್ತರೆ ಅದಕ್ಕೊಂದು ತ್ರಿಪದಿ, ಬೀಗರು ಬಂದರೆ ಅವರಿಗೊಂದು.

ಗದಗಿನ ವೀರನಾರಾಯಣ ದೇವಸ್ಥಾನಕ್ಕೆ ಹೋದವರಿಗೆ ಅಲ್ಲಿನವರು ಒಂದು ಕಂಬ ತೋರಿಸುತ್ತಾರೆ. ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದನೆಂದು ಪ್ರತೀತಿ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಕವಿತೆ ಹರಿಯುತ್ತಿತ್ತಂತೆ, ಆರಿದೊಡನೆ ಅಂದಿನ ಪಾಠ ಮುಗಿಯಿತಂತೆ. ಗದಗಿನ ಬೇಸಿಗೆಯಲ್ಲಿ ಪದ್ಯ ಕಡಿಮೆ, ಶ್ರಾವಣದಲ್ಲಿ ಹೆಚ್ಚು ಎಂದು ಯಾರಾದರೂ ಲೆಕ್ಕ ತೆಗೆದರೆ ತಪ್ಪು ಹೇಳುವಂತಿಲ್ಲ. ಐತಿಹ್ಯದ ನಿಜ ಸುಳ್ಳು ಏನೇ ಇರಲಿ, ಅದನ್ನು ಕಟ್ಟಿದ ಜನಕ್ಕೆ ಬರೆಯುವವನ ಕಷ್ಟ ಗೊತ್ತಿತ್ತು. ಮೈಗೆ ಚಳಿ ಹತ್ತುತ್ತಿರುವಾಗ ಮನುಷ್ಯ ಒಂದು ಪದಕ್ಕಾಗಿ ಅರ್ಧ ದಿನ ಆಕಾಶ ನೋಡುತ್ತ ಕೂರುವುದಿಲ್ಲ.

ಕುಮಾರವ್ಯಾಸ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಇನ್ನೂ ದೊಡ್ಡದು. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಇನ್ನೊಬ್ಬರ ರೀತಿಯನ್ನು ಎತ್ತಿಕೊಳ್ಳಲಿಲ್ಲ, ಓಲೆಯ ಮೇಲೆ ಕೊರೆಯುವ ಕಂಠದ ಸದ್ದು ನಿಲ್ಲಲಿಲ್ಲ. ಬರೆದವನು ವೀರನಾರಾಯಣ, ತಾನು ಬರೀ ಲಿಪಿಕಾರ. ಈ ಲಿಪಿಕಾರ ಹಿಡಿದ ಭಾಮಿನಿ ಷಟ್ಪದಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಅದೇ ನಡೆ ಮೂರು ಸಲ, ಕೊನೆಗೊಂದು ಗುರು, ಅಲ್ಲಿಗೆ ಇಪ್ಪತ್ತಮೂರು. ಒಟ್ಟು 102 ಮಾತ್ರೆ. ಸಾಲದ್ದಕ್ಕೆ ಆರೂ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಇಂಥ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳನ್ನು ಬರೆದವನು ಅಳಿಸಲಿಲ್ಲವೆಂದರೆ ಒಂದೋ ದೇವರೇ ಹೇಳಿ ಬರೆಸಿರಬೇಕು, ಇಲ್ಲವೇ ಮೂರು ನಾಲ್ಕರ ನಡೆ ಅವನ ಉಸಿರಿಗೇ ಹತ್ತಿರಬೇಕು. ಪದ್ಯ ಕಟ್ಟಿದವರಿಗೆ ಎರಡರ ನಡುವೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ.

ವೇಗದ ವಿಷಯದಲ್ಲಿ ಕವಿಗಳು ಒಬ್ಬರಂತೆ ಇನ್ನೊಬ್ಬರಿಲ್ಲ. ಪಂಪ ತನ್ನ ಎರಡು ಕಾವ್ಯಗಳಲ್ಲಿ ಒಂದು ಆರು ತಿಂಗಳಲ್ಲಿ, ಇನ್ನೊಂದು ಮೂರು ತಿಂಗಳಲ್ಲಿ ಮುಗಿಯಿತೆಂದು ತಾನೇ ಹೇಳಿಕೊಂಡಿದ್ದಾನೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಹಿಡಿದದ್ದು 1936ರಲ್ಲಿ, ಮುಗಿಸಿದ್ದು 1945ರಲ್ಲಿ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲಿನ ಆ ಕಾವ್ಯ ನಡೆಯುತ್ತಿದ್ದಷ್ಟು ಕಾಲ ಕಾಲೇಜಿನ ಪಾಠವೂ ನಡೆಯುತ್ತಲೇ ಇತ್ತು. ಕೃತಿ ಮುಗಿಯುವ ಮೊದಲೇ, 1939ರಲ್ಲಿ, ಗುರು ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡರು. ಕಾವ್ಯ ಅವರಿಗೇ ಅರ್ಪಣೆಯಾಯಿತು. ಒಂಬತ್ತು ವರ್ಷ ಒಂದೇ ಧಾಟಿಯನ್ನು ಹಿಡಿದಿಡುವುದು ಸ್ಫೂರ್ತಿಯೊಂದರಿಂದಲೇ ಆಗುವ ಕೆಲಸವಲ್ಲ. ಸರಳರಗಳೆಯಿಂದ ಬೆಳೆಸಿಕೊಂಡ ಮಹಾಛಂದಸ್ಸು ಅಲ್ಲಿ ಕವಿಗೆ ದಿನಾ ಹತ್ತುವ ಬಂಡಿಯಾಗಿತ್ತು. ಅದು ನಿನ್ನೆ ನಿಲ್ಲಿಸಿದ ಜಾಗದಲ್ಲೇ ನಿಂತು ಕಾಯುತ್ತಿತ್ತು.

ಬೇಂದ್ರೆಯವರದು ಇನ್ನೊಂದು ಬಗೆ. ಅವರ ಗದ್ಯಕ್ಕೆ ದ.ರಾ. ಬೇಂದ್ರೆ ಎಂಬ ಸಹಿ, ಕವಿತೆಗೆ ಅಂಬಿಕಾತನಯದತ್ತ. ಅಂಬಿಕಾತನಯದತ್ತ ತಮ್ಮೊಳಗಿನ ಬೇರೆಯೇ ಒಬ್ಬ, ಅವನು ಹೇಳಿದ್ದನ್ನು ತಾವು ಕನ್ನಡಕ್ಕೆ ತರುತ್ತೇವೆ ಅಷ್ಟೆ ಎಂಬುದು ಬೇಂದ್ರೆಯವರ ನಿಲುವು. ಹೊರಗಿನವರಿಗೆ ಇದು ವಿನಯದಂತೆಯೋ ಚಮತ್ಕಾರದಂತೆಯೋ ಕಾಣಬಹುದು. ಆದರೆ ಬರೆಯುವಾಗ ಎರಡು ಮಂದಿ ಇರುತ್ತಾರೆಂಬ ಅನುಭವ ಹಲವು ಕವಿಗಳು ಹೇಳಿದ್ದೇ. ಒಬ್ಬ ಗುನುಗುತ್ತಾನೆ, ಇನ್ನೊಬ್ಬ ಕಿವಿಗೊಟ್ಟು ಇದು ಸರಿ, ಇದು ತಪ್ಪು ಎನ್ನುತ್ತಾನೆ. ಸಾಧನಕೇರಿಯ ಮಾತು, ಸಂತೆಯ ಮಾತು, ಲಾವಣಿಯ ಧಾಟಿ ಎಲ್ಲ ಗುನುಗುವವನ ಗಂಟಿನಲ್ಲಿದ್ದವು. ಬ್ರಿಟಿಷ್ ಸರ್ಕಾರಕ್ಕೆ ಮಾತ್ರ ಈ ಸೂಕ್ಷ್ಮ ತಿಳಿಯಲಿಲ್ಲ. ‘ನರಬಲಿ’ ಕವಿತೆ ಬರೆದವನು ಅಂಬಿಕಾತನಯದತ್ತ, ಹಿಂಡಲಗಾ ಜೈಲಿಗೆ ಹೋದವರು ಬೇಂದ್ರೆ.

ಜಿ.ಪಿ. ರಾಜರತ್ನಂ ಅವರ ಒಳಗಿನವನಿಗಂತೂ ಹೆಸರು, ಹೆಂಡತಿ, ಹೆಂಡ ಎಲ್ಲವೂ ಇದ್ದವು. ರತ್ನ ಕುಡುಕ, ರಾಜರತ್ನಂ ತೊಟ್ಟು ಹೆಂಡ ಮುಟ್ಟದವರು. ‘ರತ್ನನ ಪದಗಳು’ ಓದಿದವರು ಇದನ್ನು ಕೇಳಿ ಇಂದಿಗೂ ಬೆರಗಾಗುತ್ತಾರೆ. ಬೆರಗು ಪಡಬೇಕಾದದ್ದು ಬೇರೆ ಕಡೆ ಇದೆ. ರತ್ನನಿಗೆ ಹೆಂಡತಿ ಪುಟ್ನಂಜಿಯ ಮೇಲಿದ್ದ ಪ್ರೀತಿಯನ್ನು ಪ್ರಾಧ್ಯಾಪಕರ ಕನ್ನಡದಲ್ಲಿ ಹೇಳಲು ಹೊರಟಿದ್ದರೆ ಅದು ಪ್ರಬಂಧವಾಗುತ್ತಿತ್ತು. ಮಹಾಪ್ರಾಣ ಹೊರಳದ, ಒತ್ತಕ್ಷರ ಜಾರುವ ಒಂದು ನಾಲಿಗೆಯನ್ನು ಕವಿ ತನಗೆ ತಾನೇ ವಿಧಿಸಿಕೊಂಡರು. ಆ ನಾಲಿಗೆಗೆ ಹೇಳಲಾಗದ್ದೆಲ್ಲ ತಾನಾಗಿ ಬಿದ್ದುಹೋಯಿತು, ಉಳಿದದ್ದು ಪದವಾಯಿತು.

ಕವಿತೆ ಕಟ್ಟುವ ಕೆಲಸವನ್ನು ಎಲ್ಲರ ಕಣ್ಣೆದುರೇ ನೋಡಬೇಕೆನ್ನುವವರು ಅಷ್ಟಾವಧಾನಕ್ಕೆ ಹೋಗಬೇಕು. ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟ ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ಅವಧಾನದ ಅಂಗಗಳಲ್ಲಿ ನಿಷೇಧಾಕ್ಷರಿ ಕ್ರೂರವಾದದ್ದು. ವಸ್ತು, ಛಂದಸ್ಸು ಕೊಟ್ಟ ಪೃಚ್ಛಕ ಎದುರು ಕೂತಿರುತ್ತಾನೆ. ಅವಧಾನಿ ಒಂದು ಅಕ್ಷರ ಹೇಳಿದೊಡನೆ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನು ತಡೆಯುತ್ತಾನೆ. ವಸ್ತು ಮಳೆ ಎಂದುಕೊಳ್ಳೋಣ. ಅವಧಾನಿ ‘ಮು’ ಎಂದರು. ಮುಗಿಲು ಬರುತ್ತದೆಂದು ಪೃಚ್ಛಕ ‘ಗ’ಕಾರ ಬೇಡ ಎಂದ. ಇವರು ‘ಸು’ ಎಂದರು. ಓಹೋ, ಮುಸುಕು ಎಂದು ಅವನು ‘ಕ’ಕಾರ ಬೇಡ ಎಂದ. ಇವರು ‘ರಿ’ ಎಂದು ಮುಸುರಿದ ಮೋಡದ ಕಡೆ ಹೊರಳಿಕೊಂಡರು. ಹೀಗೆ ಅಕ್ಷರಕ್ಕೊಂದು ಬೇಲಿ ಹಾರುತ್ತ ಸಾಲು ತುಂಬಬೇಕು, ಛಂದಸ್ಸು ಕೆಡಬಾರದು, ಅರ್ಥ ತಪ್ಪಬಾರದು. ಇದರ ನಡುವೆ ಅಪ್ರಸ್ತುತ ಪ್ರಸಂಗಿ ಎದ್ದು ಅವಧಾನಿಗಳ ಮನೆಯಲ್ಲಿ ಇವತ್ತು ಏನು ಸಾರು ಎಂಬಂಥ ಪ್ರಶ್ನೆ ಹಾಕುತ್ತಾನೆ. ಅದಕ್ಕೂ ನಗೆಯುಕ್ಕುವ ಉತ್ತರ ಕೊಡಬೇಕು. ಕೊನೆಗೆ ಧಾರಣೆಯಲ್ಲಿ ಬಿಡಿಬಿಡಿಯಾಗಿ ಕಟ್ಟಿದ ಪದ್ಯಗಳನ್ನೆಲ್ಲ ಇಡಿಯಾಗಿ ಒಪ್ಪಿಸಬೇಕು. ಅಲ್ಲಿ ಹುಟ್ಟಿದ್ದೆಲ್ಲ ಮಹಾಕಾವ್ಯವೆಂದು ಅವಧಾನಿಗಳೇ ಹೇಳುವುದಿಲ್ಲ. ಆದರೆ ಬೇಲಿ ಇರದಿದ್ದರೆ ‘ಮುಸುರು’ ಎಂಬ ಮಾತು ಅವತ್ತು ಯಾರ ಬಾಯಿಗೂ ಬರುತ್ತಿರಲಿಲ್ಲ, ಮುಗಿಲಿನಲ್ಲೇ ಕೆಲಸ ಮುಗಿಯುತ್ತಿತ್ತು.

ಸಿನಿಮಾ ಹಾಡಿನ ಕಸುಬಿನಲ್ಲೂ ಪೃಚ್ಛಕನಿದ್ದಾನೆ, ಅವನು ಸಂಗೀತ ನಿರ್ದೇಶಕ. ಹೆಚ್ಚಿನ ಹಾಡುಗಳಲ್ಲಿ ಮೊದಲು ಬರುವುದು ಟ್ಯೂನು. ‘ತನನ ತಾನ’ ಎಂದು ಗುನುಗಿದ ಧಾಟಿ ಗೀತರಚನಕಾರನ ಕೈಗೆ ಬರುತ್ತದೆ. ಯಾವ ಸ್ವರ ಎಳೆಯುತ್ತದೋ ಅಲ್ಲಿ ದೀರ್ಘ ಬೇಕು, ಎಲ್ಲಿ ತಟ್ಟನೆ ನಿಲ್ಲುತ್ತದೋ ಅಲ್ಲಿ ಹ್ರಸ್ವ. ಮುಂಬಯಿಯಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದ ಕಥೆಗಾರ ಜಯಂತ ಕಾಯ್ಕಿಣಿ 2006ರ ‘ಮುಂಗಾರು ಮಳೆ’ಯಲ್ಲಿ ಮನೋಮೂರ್ತಿಯವರ ಧಾಟಿಗೆ ಮಾತು ಕೂರಿಸಿದಾಗ ನಾಡಿನ ಆಟೋಗಳಲ್ಲೆಲ್ಲ ಅದೇ ಹಾಡು. ಇದು ಕವಿತೆಯೇ ಎಂದು ಕೇಳುವ ಪಂಡಿತರಿಗೆ ರಾಜಶೇಖರನ ನಾಲ್ಕನೆಯ ಬಗೆ ನೆನಪಾಗಬೇಕು. ಹುಯಿಲಗೋಳ ನಾರಾಯಣರಾಯರ ಏಕೀಕರಣದ ಗೀತೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತು, ಹಾಡಿದ ಹುಡುಗಿಯರ ಗುಂಪಿನಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಹೊರತಂದ ಸಿದ್ಧಲಿಂಗಯ್ಯನವರ ಹಾಡುಗಳಿಗೆ ಮೆರವಣಿಗೆಯ ಹೆಜ್ಜೆಯೇ ತಾಳ. ಒಮ್ಮೆ ಕೇಳಿದ ಜನ ಎರಡನೆಯ ಸಲಕ್ಕೆ ಜೊತೆಗೂಡಿ ಹಾಡುವಂತಿರಬೇಕು. ಇದಕ್ಕಿಂತ ಬಿಗಿಯಾದ ಛಂದಸ್ಸು ಹುಡುಕಿದರೆ ಸಿಗುವುದು ಕಷ್ಟ.

ಕಟ್ಟುಗಳೆಲ್ಲ ಒಳ್ಳೆಯವು ಎಂದೇನೂ ಅಲ್ಲ. ಎರಡನೆಯ ಅಕ್ಷರದ ಪ್ರಾಸ ಸಾವಿರ ವರ್ಷ ಕನ್ನಡದ ಕೈಹಿಡಿದು ನಡೆಸಿತು. ಆಮೇಲೆ ಅದೇ ಕುತ್ತಿಗೆ ಹಿಡಿಯಿತು. ಪ್ರಾಸಕ್ಕಾಗಿ ಬೇಡದ ಪದವನ್ನು ಕರೆತಂದು ಸಾಲಿನಲ್ಲಿ ಕೂರಿಸುವ ಚಾಳಿ ಬೆಳೆದಾಗ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಕೈಬಿಟ್ಟರು. ಪಂಡಿತರು ಮುನಿದರು, ಪೈಗಳು ಕದಲಲಿಲ್ಲ. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂದಾಗ ಹೊಸ ಪದ್ಯಗಳ ಹೊಸ ಲೆಕ್ಕಾಚಾರ ಶುರುವಾಯಿತು. ಐವತ್ತರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಹಾಡುವ ಧಾಟಿಯನ್ನೇ ಪಕ್ಕಕ್ಕಿಟ್ಟು ಮಾತಿನ ಲಯ ಹಿಡಿದರು. ಛಂದಸ್ಸು ಬಿಟ್ಟವರಿಗೆ ಕೆಲಸ ಹಗುರಾಯಿತೆಂದು ತಿಳಿದವರು ಆಮೇಲೆ ಬರೆದ ಕವಿತೆಗಳು ಕಸದ ಬುಟ್ಟಿಗೆ ಹೋದವು. ಅಡಿಗರ ‘ಭೂಮಿಗೀತ’ವನ್ನು ಗಟ್ಟಿಯಾಗಿ ಓದಿದರೆ ಉಸಿರು ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಎಂಬುದು ತಪ್ಪದೆ ತಿಳಿಯುತ್ತದೆ. ಸಿದ್ಧ ಅಳತೆ ಇಲ್ಲದ ಕವಿ ಪ್ರತಿ ಕವಿತೆಗೂ ಅಳತೆಗೋಲನ್ನೇ ಹೊಸದಾಗಿ ಮಾಡಿಕೊಳ್ಳಬೇಕು.

ಇಟ್ಟ ಪದ ಅಳಿಸದ ಕುಮಾರವ್ಯಾಸನ ಎದುರು ತಿದ್ದುವವರ ಪಕ್ಷವೂ ಒಂದಿದೆ. ಈ ಜಗಳವೂ ಹಳೆಯದೇ. ಒಂದು ಪದ ತೆಗೆದು ಇನ್ನೊಂದು ಹಾಕಲು ಆಗದಂತಿದ್ದರೆ ಅದೇ ಪಾಕ, ಅಲ್ಲಿಗೆ ಕವಿತೆ ಹದಕ್ಕೆ ಬಂತು ಎಂದು ಆಲಂಕಾರಿಕ ವಾಮನನ ಕಡೆಯವರ ವಾದ. ಇದಕ್ಕೆ ಎದುರು ನಿಂತವಳು ಅವಂತಿಸುಂದರಿ, ರಾಜಶೇಖರನ ಹೆಂಡತಿ. ಬೇರೆ ಪದ ಹಾಕಲು ಆಗದಿರುವುದು ಪಾಕವಲ್ಲ, ಕೈಲಾಗದ್ದು. ಮಹಾಕವಿಗಳು ಒಂದೇ ಮಾತನ್ನು ಹಲವು ಬಗೆಯಲ್ಲಿ ಹೇಳಿ ಎಲ್ಲವನ್ನೂ ಹದವಾಗಿಸಬಲ್ಲರು ಎಂದು ಅವಳ ವಾದ. ಗಂಡ ಅದನ್ನು ತನ್ನ ಪುಸ್ತಕದಲ್ಲಿ ಅವಳ ಹೆಸರು ಹೇಳಿಯೇ ದಾಖಲಿಸಿದ. ದಿನವನ್ನು ನಾಲ್ಕು ಜಾವ ಮಾಡಿ, ಮೊದಲಿನದು ಓದಿಗೆ, ಎರಡನೆಯದು ರಚನೆಗೆ, ಮೂರನೆಯದು ಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ಬರೆದದ್ದನ್ನು ಪರೀಕ್ಷಿಸುವುದಕ್ಕೆ ಎಂದೂ ಅವನು ಹೇಳಿದ. ಹೆಚ್ಚಾದದ್ದನ್ನು ತೆಗೆಯಬೇಕು, ಕೊರತೆ ತುಂಬಬೇಕು, ಜಾಗ ತಪ್ಪಿದ್ದನ್ನು ಸರಿಸಬೇಕು, ಮರೆತದ್ದನ್ನು ನೆನಪಿಗೆ ತಂದುಕೊಳ್ಳಬೇಕು. ಬರೆಯುವ ಆವೇಶದಲ್ಲಿ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ, ಅದಕ್ಕೆ ಈ ಏರ್ಪಾಡು.

ಪೆಟ್ಟಿಗೆ, ಹಲಗೆ ಬಳಪ, ಮಸಿ ಲೇಖನಿ, ತಾಳೆಗರಿ, ಕಬ್ಬಿಣದ ಕಂಠ, ಸಾರಿಸಿದ ಗೋಡೆ ಎಂದು ಸಲಕರಣೆಗಳ ಪಟ್ಟಿ ಕೊಟ್ಟವನೂ ಅವನೇ. ಪಟ್ಟಿ ಮುಗಿದ ಮೇಲೆ, ನಿಜವಾದ ಸಲಕರಣೆ ಪ್ರತಿಭೆಯೊಂದೇ ಎಂದು ಸೇರಿಸಲು ಮರೆಯಲಿಲ್ಲ.

ಕಳ್ಳನಲ್ಲದ ವ್ಯಾಪಾರಿ ಹೇಗೆ ಇಲ್ಲವೋ ಕಳ್ಳನಲ್ಲದ ಕವಿಯೂ ಹಾಗೇ ಇಲ್ಲವೆಂದು ಹೇಳಿದ ಮನುಷ್ಯನಾದ್ದರಿಂದ ಎರಡು ಎಚ್ಚರಿಕೆಗಳನ್ನೂ ಕೊಟ್ಟಿದ್ದಾನೆ. ಅರ್ಧ ಬರೆದ ಕವಿತೆಯನ್ನು ಯಾರ ಮುಂದೆಯೂ ಓದಬಾರದು, ಓದಿದರೆ ಅದು ಮುಗಿಯುವುದಿಲ್ಲ. ಹೊಸ ಕವಿತೆಯನ್ನು ಒಬ್ಬನೇ ಒಬ್ಬ ಕೇಳುಗನ ಎದುರು ಓದಬಾರದು, ನಾಳೆ ಅವನು ಇದು ತನ್ನದೇ ಎಂದು ತಕರಾರು ತೆಗೆದರೆ ಸಾಕ್ಷಿ ಹೇಳುವವರು ಯಾರು? ಈಗಿನ ಕವಿಗಳು ಎರಡನೆಯದನ್ನು ಚೆನ್ನಾಗಿ ಪಾಲಿಸುತ್ತಿದ್ದಾರೆ. ವಾಟ್ಸಾಪ್ ಗುಂಪಿಗೆ ಹಾಕಿದ ಕವಿತೆಗೆ ಸಾಕ್ಷಿಗಳ ಬರವಿಲ್ಲ, ಹಾಕಿದ ಗಳಿಗೆ, ನಿಮಿಷ ಸಮೇತ ದಾಖಲೆ ಇರುತ್ತದೆ. ಮೊದಲನೆಯದರಲ್ಲಿ ಮಾತ್ರ ಎಡವುತ್ತಾರೆ. ರಾತ್ರಿ ಊಟಕ್ಕೆ ಮುಂಚೆ ನಾಲ್ಕು ಸಾಲು ಹಾಕಿ ‘ಮುಂದುವರಿಯುವುದು’ ಎಂದು ಬರೆದವರಿಗೆ ಊಟ ಮುಗಿಸಿ ಬರುವಷ್ಟರಲ್ಲಿ ಹತ್ತಾರು ಚಪ್ಪಾಳೆ, ಗುಲಾಬಿ ಹೂವು ಬಂದಿರುತ್ತವೆ. ಐದನೆಯ ಸಾಲಿನ ಹಂಗು ಆಮೇಲೆ ಯಾರಿಗೆ ಬೇಕು?